ತತ್ತಿ ನೋಡುವ ಬಾಯಾರು

ನಮ್ಮೂರಿನ ಮರಗಳಲ್ಲಿ ಹುಡುಕಿದರೂ ಒಂದು ಗೂಡು ಸಿಗುವುದಿಲ್ಲ. ಕೆರೆಯ ದಂಡೆಗೆ ಹುಣಸೆ ಮರಗಳಿವೆ, ಶಾಲೆಯ ಹಿಂದೆ ಬೇವಿನ ತೋಪಿದೆ, ಬಸ್ ನಿಲ್ದಾಣದ ಅರಳಿ ಮರವಂತೂ ಅರ್ಧ ಊರಿಗೆ ನೆರಳು ಕೊಡುತ್ತದೆ. ಹಕ್ಕಿಗಳು ಅಲ್ಲಿ ಕೂರುತ್ತವೆ, ಜಗಳಾಡುತ್ತವೆ, ಹಣ್ಣು ತಿಂದು ಹೋಗಿಬರುವವರ ತಲೆಯ ಮೇಲೆ ಹಿಕ್ಕೆ ಹಾಕುತ್ತವೆ. ಸಂಸಾರ ಹೂಡುವುದಕ್ಕೆ ಮಾತ್ರ ಅವಕ್ಕೆ ನಮ್ಮ ಸಾಮಾನೇ ಬೇಕು. ಅದೂ ಅಟ್ಟಕ್ಕೆ ಎಸೆದ ಸಾಮಾನಲ್ಲ, ದಿನಾ ಕೈಯಲ್ಲಿ ಆಡುವಂಥದ್ದು. ಪಾಪ ಎಂದು ಒಡಕು ಗಡಿಗೆ ಕಟ್ಟಿಟ್ಟರೆ ತಿರುಗಿಯೂ ನೋಡುವುದಿಲ್ಲ. ಅಂಗಡಿಯ ತಕ್ಕಡಿ, ಭಜನೆಯ ಹಾರ್ಮೋನಿಯಂ ಪೇಟಿ, ಬೈಕಿನ ಹೆಲ್ಮೆಟ್ಟು, ನಿನ್ನೆ ಹೊಲಿಸಿ ತಂದ ಅಂಗಿಯ ಜೇಬು, ಇಂಥವೇ ಆಗಬೇಕು.

ಯಾವ ವಸ್ತುವಿನಲ್ಲಿ ತತ್ತಿ ಬಿತ್ತೋ ಆ ವಸ್ತುವಿನ ಕೆಲಸ ಮರಿ ಹಾರಿಹೋಗುವ ತನಕ ಬಂದ್. ಗೂಡಿಗೆ ಕೈ ಹಾಕುವಂತಿಲ್ಲ, ಬದಲಿ ವಸ್ತು ತರುವಂತಿಲ್ಲ. ಇದು ಯಾರು ಮಾಡಿದ ಕಟ್ಟಳೆ ಎಂದು ನನ್ನನ್ನು ಕೇಳಬೇಡಿ, ನಮ್ಮಜ್ಜಿಯೂ ಯಾರನ್ನೂ ಕೇಳಿರಲಿಲ್ಲ. ತಕ್ಕಡಿಯಲ್ಲಿ ಗುಬ್ಬಿ ಕೂತ ವರ್ಷ ಕಿರಾಣಿ ಅಂಗಡಿಯವನು ಬಾಗಿಲು ಹಾಕಿ ಅತ್ತೆಯ ಮನೆಗೆ ಹೋಗಿ ಠಿಕಾಣಿ ಹೂಡಿದ. ಭಜನೆಯ ಪೇಟಿಯೊಳಗೆ ಮುನಿಯಾ ಹಕ್ಕಿ ತತ್ತಿ ಇಟ್ಟಾಗ ಭಜನಾ ಮಂಡಳಿಯವರು ಶ್ರಾವಣ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದರು. ಆ ಓಣಿಯ ಜನ ಹಕ್ಕಿಗೆ ನವಣೆ ಹಾಕಿದ್ದೇ ಹಾಕಿದ್ದು, ಇನ್ನೂ ಒಂದು ತಿಂಗಳು ಇರಲಿ ತಾಯೀ ಎಂದು. ನಮಗೆಲ್ಲ ಇದು ರೂಢಿ. ಮಳೆ ಬಂದರೆ ಒಣಹಾಕಿದ್ದನ್ನು ಒಳಗೆ ತರುವುದಿಲ್ಲವೇ, ಹಾಗೆ.

ನನ್ನನ್ನು ಊರಲ್ಲಿ ಗಿರಣಿ ಬಸಲಿಂಗವ್ವ ಅನ್ನುತ್ತಾರೆ. ಗಂಡ ತೀರಿಕೊಂಡಾಗ ನನಗೆ ಉಳಿದದ್ದು ಒಂದು ಹಿಟ್ಟಿನ ಗಿರಣಿ, ಅದರ ಮೇಲೊಂದು ಖೋಲಿ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ನಾನು ಪ್ರೀತಿಯಿಂದ ಮಾತಾಡಿಸಿದರೂ ಜನ ಬೈಸಿಕೊಂಡೆವು ಅಂದುಕೊಳ್ಳುತ್ತಾರೆ. ತಂಗಿ ಸತ್ತ ಮೇಲೆ ಆಕೆಯ ಮಗಳು ಕಸ್ತೂರಿಯನ್ನು ತಂದು ಸಾಕಿದೆ. ನನ್ನನ್ನು ದೊಡ್ಡವ್ವ ಅನ್ನುತ್ತಾಳೆ.

ಮೇಲಿನ ಖೋಲಿಗೆ ಬಾಡಿಗೆಗೆ ಬಂದವರು ಡಾಕ್ಟರ್ ಪ್ರಮೀಳಾ ಕಬ್ಬೂರ. ವಿಶ್ವವಿದ್ಯಾಲಯದಿಂದ ಬಂದಿದ್ದರು. ಒಂದು ಟ್ರಂಕು, ಕೊರಳಿಗೊಂದು ದುರ್ಬೀನು, ಕಾಲಿಗೆ ಗಂಡಸರ ಬೂಟು. ಡಾಕ್ಟರ್ ಎಂದು ಕೇಳಿ ಮೊದಲ ದಿನವೇ ಇಬ್ಬರು ಮುದುಕರು ಕೆಮ್ಮುತ್ತ ಮೆಟ್ಟಿಲು ಹತ್ತಿದ್ದರು.

"ಏನ್ ಕೆಲಸರೀ ನಿಮ್ದು?" ಎಂದು ಕೇಳಿದೆ.

"ಹಕ್ಕಿಗಳ ಅಭ್ಯಾಸ ಮಾಡ್ತೇನಿ."

"ಅದು ಗೊತ್ತಾತು. ಹೊಟ್ಟಿಗೇನ್ ಮಾಡ್ತೀರಿ?"

ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಅವರಿಗೆ ಬೇಕಾದದ್ದು ಒಂದೇ: ಹಕ್ಕಿಗಳು ನಮ್ಮ ಮರಗಳನ್ನು ಯಾಕೆ ಬಿಟ್ಟವು? ಅದಕ್ಕೆಂದು ಬೇವಿನ ಮರ ಹತ್ತಿ ಟೊಂಗೆ ಟೊಂಗೆಗೂ ಟೇಪು ಹಿಡಿದರು, ಹುಣಸೆಯ ತೊಗಟೆ ಕೆರೆದು ಸೀಸೆಗೆ ತುಂಬಿದರು, ಹೊಸ್ತಿಲ ಎದುರಿಗೆ ಕೂತು ದುರ್ಬೀನಿನಿಂದ ಜನರ ನೆಲುವು ನೋಡಿದರು. ಅಡುಗೆಮನೆ ನೋಡುತ್ತಾರೆಂದು ಹೆಂಗಸರು ನನ್ನ ಹತ್ತಿರ ದೂರು ತಂದರು. "ನಿಮ್ಮ ಅಡಗಿ ನೋಡಿ ಆಕಿಗೇನ್ ಆಗಬೇಕಾಗೇತಿ, ಉಂಡವರಿಗೇ ಬ್ಯಾಡಾಗೇತಿ" ಎಂದು ಕಳಿಸಿದೆ. ಊಟಕ್ಕೆ ಕೂತಾಗಲೆಲ್ಲ ಹಿಕ್ಕೆಯ ಬಣ್ಣ, ಅದರೊಳಗಿನ ಬೀಜ, ಇದೇ ಮಾತು. ರೊಟ್ಟಿ ಬಡಿದು ಹಾಕುವವಳು ನಾನು, ಕೇಳಬೇಕಾದವಳೂ ನಾನು. ಕಡೆಗೊಂದು ದಿನ ಕೈಚೆಲ್ಲಿ, "ಮರದಾಗ ಏನೂ ಊನ ಇಲ್ಲ ಬಸಲಿಂಗವ್ವ" ಅಂದರು. ಅದನ್ನು ನಾವೂ ಹೇಳುತ್ತಿದ್ದೆವು, ಕೇಳಿದ್ದರೆ. ಆದರೆ ಮತ್ತೇನು ಕಾರಣ ಎಂದರೆ ನಮಗೂ ಗೊತ್ತಿಲ್ಲ, ಅವರಿಗೂ ಇವತ್ತಿನ ತನಕ ಗೊತ್ತಾಗಿಲ್ಲ.

ಹಂಗಾಮು ಮುಗಿದು ಹೊರಡುವ ದಿನ ಟ್ರಂಕು ತೆಗೆದರೆ ಒಳಗೆ ಗುಬ್ಬಿ. ಮಡಿಸಿಟ್ಟ ಸೀರೆಯ ನಡುವೆ ತತ್ತಿ ಇಟ್ಟು ಇವರ ಮುಖವನ್ನೇ ನೋಡುತ್ತ ಕೂತಿದೆ. ಟ್ರಂಕಿನ ಕೆಲಸ ಊರಿಗೆ ಹೋಗುವುದು, ಈಗ ಅದೇ ಬಂದ್. ಅಲ್ಲಿ ವಿಶ್ವವಿದ್ಯಾಲಯದಲ್ಲಿ ಇವರಿಗೊಂದು ಕಾಯಂ ನೌಕರಿ ಕಾಯುತ್ತಿತ್ತು, ಆ ವಾರವೇ ಹಾಜರಾಗಬೇಕಿತ್ತು.

"ನನ್ನ ಚೀಲ ಒಯ್ಯರಿ" ಅಂದೆ. "ನಮ್ಮ ಕಟ್ಟಳಿ ನಿಮಗ್ಯಾಕ? ನೀವೇನು ಈ ಊರವರಲ್ಲ."

"ಬದಲಿ ತರೂಹಂಗಿಲ್ಲಲ್ಲ" ಅಂದು ಟ್ರಂಕಿನ ಮುಚ್ಚಳವನ್ನು ಸದ್ದಾಗದಂತೆ ಅರ್ಧಕ್ಕೆ ಇಳಿಸಿದರು. ಆಮೇಲೆ ಒಳಗೆ ಅತ್ತದ್ದು ಮೆಟ್ಟಿಲ ಮೇಲೆ ನಿಂತವಳಿಗೆ ಕೇಳಿಸಿತು. ಗುಬ್ಬಿ ಮರಿ ಹಾರುವಷ್ಟರಲ್ಲಿ ನೌಕರಿ ಇನ್ನೊಬ್ಬರ ಪಾಲಾಯಿತು. ಇಷ್ಟು ಓದಿದಾಕೆಗೆ ಇಷ್ಟು ಹುಚ್ಚೇ ಎಂದು ಒಂದು ವಾರ ಬೈದೆ, ಬಾಡಿಗೆ ಮಾತ್ರ ಏರಿಸಲಿಲ್ಲ. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು ಇರಲಿಲ್ಲ, ಅಲ್ಲಿ ಸೇರಿಕೊಂಡರು. ಶಾಲೆ ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಬಾಯಾರು ಅನ್ನುತ್ತಾರೆ, ಅಂದಿನಿಂದ ಅವರು ನಮಗೆಲ್ಲ ಬಾಯಾರು.

ತತ್ತಿ ನೋಡುವ ಕೆಲಸ ಅವರಿಗೆ ಗಂಟುಬಿದ್ದದ್ದು ಕ್ಷೌರದ ಹನಮಂತನಿಂದ. ಅವನ ಕತ್ತರಿ ಇಡುವ ಖಾನೆಯಲ್ಲಿ ಗುಬ್ಬಿ ತತ್ತಿ ಇಟ್ಟಿತ್ತು. ದಿನ ಕಳೆದವು, ಮರಿಯಿಲ್ಲ. ಊರಿನ ಗಂಡಸರೆಲ್ಲ ಗಡ್ಡ ಬಿಟ್ಟು ಮಠದ ಸ್ವಾಮಿಗಳಾದರು. ಹನಮಂತನ ಒಲೆ ಆರಿತು. ಸತ್ತ ತತ್ತಿ ತೆಗೆಯೋ ಮಾರಾಯ ಎಂದು ಹಿರಿಯರೇ ಹೇಳಿದರು. ಆಗ ಬಾಯಾರು ಬಂದು ತತ್ತಿಯನ್ನು ಬೆರಳ ತುದಿಯಲ್ಲಿ ಎತ್ತಿ, ನನ್ನ ಹಿಟ್ಟಿನ ಕೋಣೆಯ ಬಾಗಿಲು ಮುಚ್ಚಿ, ಬ್ಯಾಟರಿಯ ಬೆಳಕಿಗೆ ಹಿಡಿದು ನೋಡಿದರು. ಜೀವವಿದ್ದರೆ ಒಳಗೆ ಕೆಂಪು ನರಗಳು ಬಲೆಯ ಹಾಗೆ ಕಾಣುತ್ತವೆ, ನಡುವೆ ಒಂದು ಚುಕ್ಕಿ ಮಿಡಿಯುತ್ತದೆ. ಒಮ್ಮೆ ನನಗೂ ತೋರಿಸಿದ್ದಾರೆ. ಸತ್ತಿದ್ದರೆ ಬರೀ ಮಬ್ಬು. ಹೊರಗೆ ಬಂದು, ನಮಗೆ ತಿಳಿಯಲೆಂದು ನಮ್ಮದೇ ಮಾತಿನಲ್ಲಿ, "ಜೀವ ಐತಿ" ಅಂದರು. ಹನಮಂತ ಹಣೆ ಹಣೆ ಬಡಿದುಕೊಂಡ. ಮಾರನೆಯ ದಿನ ಮರಿ ಹೊರಗೆ ಬಂದಾಗ ಅದೇ ಹನಮಂತ ಊರಿಗೆಲ್ಲ ಸಕ್ಕರೆ ಹಂಚಿದ, ಉದ್ದರಿ ತಂದು.

ಅಲ್ಲಿಂದ ಎಲ್ಲಿ ಗೂಡಾದರೂ ಬಾಯಾರಿಗೆ ಕರೆ. ಅವರದು ಎರಡೇ ಮಾತು: ಜೀವ ಐತಿ, ಜೀವ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಆ ಬಾಯಲ್ಲಿ ಬಂದದ್ದೇ ಇಲ್ಲ. ಗೊತ್ತಾಗದಿದ್ದರೆ ಎರಡು ದಿನ ಬಿಟ್ಟು ಬಂದು ಮತ್ತೆ ನೋಡುತ್ತಿದ್ದರು. ಪುರಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಪಿಕಳಾರ ಹಕ್ಕಿ ತತ್ತಿ ಇಟ್ಟಾಗ ಅಧ್ಯಕ್ಷರು ಮೆಲ್ಲಗೆ, "ಜೀವ ಇಲ್ಲ ಅಂದುಬಿಡ್ರಿ ಬಾಯಾರ, ನಿಮ್ಮ ಶಾಲಿಗೆ ಒಂದು ಪ್ರಯೋಗದ ಕೋಣಿ ಕಟ್ಟಿಸಿಕೊಡ್ತೀನಿ" ಅಂದಿದ್ದರಂತೆ. "ಜೀವ ಐತಿ" ಅಂದು ಬಂದರು. ಅಧ್ಯಕ್ಷರು ಮಳೆಗಾಲದ ಸಭೆಗಳನ್ನೆಲ್ಲ ನಿಂತೇ ನಡೆಸಿದರು.

ಜೀವ ಇಲ್ಲ ಅಂದರೆ ಗೂಡು ಬಿಡಿಸುತ್ತಿದ್ದರು. ಅಂಗಡಿಯವನು ಅಂಗಡಿ ತೆಗೆಯುತ್ತಿದ್ದ. ಆದರೆ ಬಾಯಾರ ಲೆಕ್ಕವೇ ಬೇರೆ. "ಆ ತಾಯಿ ಸತ್ತ ತತ್ತಿ ಮ್ಯಾಲೆ ಹಂಗಾಮು ಪೂರಾ ಕೂತುಬಿಡ್ತದ ಬಸಲಿಂಗವ್ವ. ಲಗೂನ ತೆಗದ್ರ ಮತ್ತೊಮ್ಮೆ ಇಡ್ತದ" ಅನ್ನುತ್ತಿದ್ದರು. ಅವರ ವಿದ್ಯೆಯೆಲ್ಲ ಕಡೆಗೆ ಬಂದು ನಿಂತದ್ದು ಈ ಎರಡು ಮಾತಿನ ಮೇಲೆ. ದೊಡ್ಡ ಪತ್ರಿಕೆಗಳಿಗೆ ನಮ್ಮ ಮರಗಳ ವಿಷಯ ಬರೆದು ಕಳಿಸಿದ್ದು ವಾಪಸು ಬಂದಿತ್ತು, ನಂಬುವಂತಿಲ್ಲ ಎಂದು. ನಂಬಿದವರೆಂದರೆ ನಾವೇ.

ಈಗ ಕಸ್ತೂರಿಯ ಮದುವೆಯ ಕತೆ ಹೇಳಬೇಕು, ಯಾಕೆಂದರೆ ಎಲ್ಲ ಕೆಟ್ಟದ್ದು ಅಲ್ಲಿ.

ಕಸ್ತೂರಿ ಬೆಳೆದದ್ದೇ ಗಿರಣಿಯಲ್ಲಿ. ಮೋಟಾರಿನ ಸದ್ದು ಕೇಳಿ ಏನು ಕೆಟ್ಟಿದೆ ಅನ್ನುತ್ತಿದ್ದಳು. ಸವೆದ ಕಲ್ಲಿಗೆ ಉಳಿಯಿಂದ ಹಲ್ಲು ಕಟೆಯುವುದನ್ನು ನನ್ನ ಗಂಡನೂ ಅಷ್ಟು ಚಂದ ಮಾಡುತ್ತಿರಲಿಲ್ಲ. ಅವಳ ಕೈ ಬಿದ್ದಲ್ಲಿ ಎಲ್ಲ ಅಚ್ಚುಕಟ್ಟು. ಮೋಟಾರಿನ ಹರಿದ ಪಟ್ಟಾ ಹೊಲಿದರೆ ಹೊಲಿಗೆ ಕಾಣಬಾರದು. ಅವಳಿಗೆ ಹೊರಗಿನ ಊರಿನಿಂದ ಒಳ್ಳೆಯ ಸಂಬಂಧ ಬಂತು. ಅರಿವೆ ಅಂಗಡಿ, ಎರಡು ಅಂತಸ್ತಿನ ಮನೆ, ಆಳುಕಾಳು. ನಾನು ಒಪ್ಪಿ ಮಾತು ಕೊಟ್ಟೆ.

"ಬ್ಯಾಡ ದೊಡ್ಡವ್ವ" ಅಂದಳು.

"ಯಾಕ? ಹುಡುಗಗ ಕಣ್ಣಿಲ್ಲೇನು, ಮೂಗಿಲ್ಲೇನು?"

"ಅವರ ಮನ್ಯಾಗ ಕುಂತು ಉಣಬೇಕಂತ. ಗಿರಣಿ ಕಡೆ ಮುಖ ಹಾಕಬಾರದಂತ. ನನಗ ಕುಂತು ಉಣ್ಣಾಕ ಬರೂದಿಲ್ಲ."

ಕೂತು ಉಣ್ಣುವ ಭಾಗ್ಯ ಒಲ್ಲೆನೆನ್ನುವ ಹುಡುಗಿಯನ್ನು ನಾನು ಕಂಡಿರಲಿಲ್ಲ. ಹಿಟ್ಟಿನ ಧೂಳು ಕುಡಿದು ಕುಡಿದು ನನ್ನ ಎದೆ ಗೊರಗೊರ ಅನ್ನುತ್ತದೆ. ಇವಳದಾದರೂ ಹಾಗಾಗದಿರಲಿ ಎಂದೇ ನಾನು ಆ ಮನೆ ಹುಡುಕಿದ್ದು. ಮದುವಿ ಅಂದ್ರ ಎಲ್ಲಾರೂ ಮೊದಲು ಹಿಂಗ ಅಂತಾರ ಎಂದು ಬಾಯಿ ಮುಚ್ಚಿಸಿದೆ. ರೊಟ್ಟಿ ಮುರಿಯುತ್ತ ಕೂತಿದ್ದ ಬಾಯಾರು ತಲೆ ಎತ್ತಿ, "ಹುಡುಗಿ ಬ್ಯಾಡ 'ನ್ನೂದು ಕೇಳಸವಲ್ದೇನು ಬಸಲಿಂಗವ್ವ?" ಅಂದರು.

"ನೀವು ತತ್ತಿ ನೋಡ್ಕೊಂಡಿರ್ರಿ" ಅಂದೆ. ಅವರು ತಲೆ ತಗ್ಗಿಸಿ ಮತ್ತೆ ರೊಟ್ಟಿ ಮುರಿಯತೊಡಗಿದರು.

ಮದುವೆಯ ಮುಂಜಾನೆ ಗಿರಣಿಯ ಮುಂದೆ ಹಂದರ. ಬೀಗರು ಬಂದಿಳಿದಿದ್ದರು, ಹುಗ್ಗಿ ಕುದಿಯುತ್ತಿತ್ತು. ಮದುವೆ ಮಾಡಿಸುವ ಅಯ್ಯನವರು ಬಾಸಿಂಗದ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದವರು ಹಾಗೇ ಕೈ ಹಿಂದೆ ತೆಗೆದುಕೊಂಡರು. ಬಾಸಿಂಗಗಳ ನಡುವೆ ಒಂದು ಗೂಡು, ಅದರಲ್ಲಿ ಒಂದು ಬಿಳಿಯ ತತ್ತಿ. ಬೆಳವದ ತತ್ತಿ.

ನಮ್ಮೂರಿನ ಸಣ್ಣ ಕೂಸಿಗೂ ಬೆಳವದ ಗೂಡು ಗೊತ್ತು. ಅಷ್ಟು ಮೈಗಳ್ಳ ಹಕ್ಕಿ ಇನ್ನೊಂದಿಲ್ಲ. ನಾಲ್ಕು ಕಡ್ಡಿ ಅಡ್ಡ, ನಾಲ್ಕು ಕಡ್ಡಿ ಉದ್ದ, ಮುಗಿಯಿತು ಮನೆ. ಕೆಳಗಿನಿಂದ ನೋಡಿದರೆ ತತ್ತಿ ಕಾಣುತ್ತದೆ. ಈ ಗೂಡು ಕೊಡ ಇಡುವ ಸಿಂಬಿಯ ಹಾಗೆ ದುಂಡಗಿತ್ತು. ಒಂದೊಂದು ಕಡ್ಡಿಯೂ ಇನ್ನೊಂದರ ಕೆಳಗೆ ತೂರಿ ಮೇಲೆ ಬಂದಿತ್ತು, ಒಂದು ತುದಿಯೂ ಹೊರಗೆ ಕಾಣುತ್ತಿರಲಿಲ್ಲ. ಹಂದರದಲ್ಲಿದ್ದ ನಮ್ಮವರೆಲ್ಲ ಬಗ್ಗಿ ನೋಡಿದರು, ನೆಟ್ಟಗಾದರು, ನೆಲ ನೋಡಿದರು. ಆ ಕೈ ಯಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ತತ್ತಿಯೂ ಎಲ್ಲೋ ಬಿಡಿಸಿದ ಗೂಡಿನ ಸತ್ತದ್ದೇ ಇರಬೇಕು. ಕಸ್ತೂರಿ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು.

"ಹಕ್ಕಿ ಎಲ್ಲೈತ್ರಿ?" ಎಂದು ಬೀಗರು ಕೇಳಿದರು.

"ಮೇಯಾಕ ಹೋಗಿರಬೇಕ್ರಿ" ಎಂದ ಹನಮಂತ, ಯಾರ ಮುಖವನ್ನೂ ನೋಡದೆ.

ಇವಳೇ ಮಾಡಿದ್ದು ಎಂದು ನಾನು ಆಗಲೇ ಕೂಗಬಹುದಿತ್ತು. ಬೀಗರ ಮುಂದೆ ನನ್ನ ಮನೆಯ ಹುಡುಗಿಯ ಮಾನ ತೆಗೆಯಲು ಬಾಯಿ ಬರಲಿಲ್ಲ. ಅದಕ್ಕಿಂತ ಸುಲಭದ ದಾರಿ ಹೊಳೆಯಿತು. ಬಾಯಾರು ನೋಡಲಿ, ಇದ್ದದ್ದು ಇದ್ದ ಹಾಗೆ ಜೀವ ಇಲ್ಲ ಅನ್ನಲಿ, ಗೂಡು ತೆಗೆಯೋಣ, ಅಕ್ಷತೆ ಬೀಳಲಿ. ಯಾರ ಹೆಸರೂ ಕೆಡುವುದಿಲ್ಲ. "ಬಾಯಾರನ್ನ ಕರೀರಿ" ಎಂದು ಕೂಗಿದವಳು ನಾನೇ.

ರೇಷ್ಮೆ ಸೀರೆ ಉಟ್ಟು ಹೆಂಗಸರ ನಡುವೆ ಕೂತಿದ್ದವರು ಎದ್ದು ಬಂದರು. ಗೂಡನ್ನು ಬಹಳ ಹೊತ್ತು ನೋಡಿದರು. ಅದರ ಅಂಚಿನ ಮೇಲೆ ಒಂದು ಬೆರಳು ಆಡಿಸಿದರು. ಆಮೇಲೆ ಕಸ್ತೂರಿಯ ಕೈ ನೋಡಿದರು. ಮೆಹಂದಿಯ ಮೇಲೆ ಬೆರಳ ತುದಿಗಳೆಲ್ಲ ಚುಚ್ಚಿಸಿಕೊಂಡು ಬಾತಿದ್ದವು. ತತ್ತಿ ಎತ್ತಿಕೊಂಡು ಹಿಟ್ಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಯ್ಯನವರು ಮುಹೂರ್ತ ಮೀರುತ್ತದೆ ಎಂದು ಗೊಣಗಿದರು. ಅಷ್ಟು ಹೊತ್ತು ಬಾಯಾರು ಯಾವ ತತ್ತಿಗೂ ತೆಗೆದುಕೊಂಡಿರಲಿಲ್ಲ. ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಜೀವ ಐತಿ" ಅಂದರು. ತತ್ತಿಯನ್ನು ತಿರುಗಿ ಗೂಡಿನಲ್ಲಿಟ್ಟರು.

ಮರಿ ಹಾರುವ ತನಕ ಮದುವೆ ಇಲ್ಲ ಎಂದು ಅಯ್ಯನವರು ಬೀಗರಿಗೆ ತಿಳಿಸಿ ಹೇಳಿದರು. ಒಂದು ತತ್ತಿಯ ಸಲುವಾಗಿ ಹಿಂತಿರುಗಿ ಹೋಗುವುದೇ ಎಂದು ಅವರು ಹಾರಾಡಿದರು, ಇದೊಂದು ಊರೇ ಎಂದು ಉಗುಳಿದರು, ಗಾಡಿ ಹತ್ತಿದರು. ಅದೇ ತಿಂಗಳು ಮಗನಿಗೆ ಬೇರೆ ಕಡೆ ಮದುವೆ ಮಾಡಿದರಂತೆ. ಕುದಿದ ಹುಗ್ಗಿಯನ್ನು ಏನು ಮಾಡುವುದು? ಊರೇ ಕೂತು ಉಂಡಿತು. ಹುಗ್ಗಿ ಚಲೋ ಆಗೇತಿ ಅನ್ನುವುದನ್ನು ಬಿಟ್ಟು ಯಾರೂ ಒಂದು ಮಾತೂ ಆಡಲಿಲ್ಲ.

ಎಲೆ ಎತ್ತಿದ ಮೇಲೆ ನಾನು ಮೆಟ್ಟಿಲು ಹತ್ತಿದೆ. ಬಾಯಾರು ರೇಷ್ಮೆ ಸೀರೆ ಮಡಿಸುತ್ತಿದ್ದರು.

"ಅಧ್ಯಕ್ಷರು ಕೋಣಿ ಕಟ್ಟಿಸಿಕೊಡ್ತೀನಿ ಅಂದ್ರೂ ಸುಳ್ಳು ಹೇಳಲಿಲ್ಲ ನೀವು. ನನ್ನ ಮನಿಗೆ ಬಂದು ಸುಳ್ಳು ಹೇಳಿದ್ರಿ. ನಾ ಏನ್ ಅನ್ಯಾಯ ಮಾಡಿದ್ನಿ ನಿಮಗ?" ನನ್ನ ದನಿ ಕೆಳಗಿನ ಗಿರಣಿಯ ತನಕ ಕೇಳಿರಬೇಕು.

"ನಿಮ್ಮ ಮರ್ಯಾದಿ ಕಳದೆ. ಗೊತ್ತದ" ಅಂದರು. "ನನ್ನದೂ ಹೋತು. ಅದೂ ಗೊತ್ತಿದ್ದೇ ಹೇಳಿದೆ."

"ಯಾಕ್ರಿ ಮತ್ತ?"

"ಗೂಡು ನೋಡಿ ಒಳಗಿನ ಹಕ್ಕಿ ಬಗ್ಗೆ ಹೇಳೂದು ನನ್ನ ಕೆಲಸ. ಬೆಳವ ನಾಕು ಕಡ್ಡಿ ಇಟ್ಟು ಎದ್ದು ಹೋಗ್ತದ, ಅದಕ್ಕೇನೂ ಹೆದರಿಕಿ ಇಲ್ಲ. ಈ ಹುಡುಗಿ ಬೆರಳು ಚುಚ್ಚಿಸಿಕೊಂಡು ಅಷ್ಟು ನೇಯ್ದಾಳ. ಎಷ್ಟು ಹೆದರಿರಬೇಕು ನೋಡ್ರಿ. ಜೀವ ಇಲ್ಲ ಅಂದಿದ್ರ ಅದು ಖರೇ ಮಾತು. ಆ ಖರೇ ನನ್ನ ಬಾಯಾಗ ಬರಲಿಲ್ಲ."

ನಾನು ಬಾಗಿಲನ್ನು ದಢಾರನೆ ಎಳೆದುಕೊಂಡು ಬಂದೆ. ಅವತ್ತಿನಿಂದ ಅವರಿಗೆ ರೊಟ್ಟಿ ಬಡಿಯುವುದು ಬಿಟ್ಟೆ. ಕಸ್ತೂರಿ ಬಡಿದು ಒಯ್ದು ಕೊಡುತ್ತಿದ್ದಳು, ನಾನು ನೋಡದ ಹಾಗೆ ಇದ್ದೆ. ಬಾಸಿಂಗದ ಬುಟ್ಟಿ ಮಾತ್ರ ಜಗಲಿಯ ಮೇಲೆ ಹಾಗೇ ಇತ್ತು, ಜೀವ ಐತಿ ಎಂದ ಮೇಲೆ ಮುಟ್ಟುವವರು ಯಾರು? ಜೋಳ ಬೀಸಿಸಲು ಬಂದವರು ಗಂಭೀರವಾಗಿ, "ಮರಿ ಆತೇನ್ರಿ?" ಎಂದು ಕೇಳುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ನೋಡಿದರೆ ಬುಟ್ಟಿ ಇರಲಿಲ್ಲ. ಯಾರು ತೆಗೆದರೆಂದು ನಾನು ಕೇಳಲಿಲ್ಲ.

ಆಮೇಲೆ ಆದದ್ದನ್ನು ನಾನೂ ಎಣಿಸಿರಲಿಲ್ಲ. ಹುಡುಗಿಯನ್ನು ಉಳಿಸಿದಿರಿ ಎಂದು ಬಾಯಾರಿಗೆ ಕೈ ಮುಗಿದವರೇ ಅವರ ಮಾತಿಗೆ ಅನುಮಾನಪಡಲು ಶುರು ಮಾಡಿದರು. ಹನಮಂತನ ಅಂಗಡಿಯಲ್ಲಿ ಮತ್ತೆ ಗುಬ್ಬಿ ಕೂತಿತ್ತು. ಬಾಯಾರು ನೋಡಿ, ಜೀವ ಇಲ್ಲ ಅಂದರು. "ಆಗಲ್ರಿ ಬಾಯಾರ" ಅಂದ ಹನಮಂತ, ಗೂಡು ತೆಗೆಯಲಿಲ್ಲ. ನನ್ನ ಹತ್ತಿರ ಬಂದು, "ಬಾಯಾರ ಮನಸು ಭಾಳ ಮೆತ್ತಗಾಗೇತಿ ಬಸಲಿಂಗಕ್ಕ. ನನ್ನ ಅಂಗಡಿ ಬಂದ್ ಐತಿ ಅಂತ ಮರುಗಿ ಹೇಳಿದ್ರ? ಒಳಗ ಜೀವ ಇದ್ರ ಪಾಪ ಯಾರಿಗೆ?" ಅಂದ. ಎಲ್ಲರದೂ ಇದೇ ರಾಗ. ಯಾರೂ ಎದುರಾಡಲಿಲ್ಲ, ಮುಖ ಮುರಿಯಲಿಲ್ಲ. ಆಗಲ್ರಿ, ನಾಲ್ಕು ದಿನ ನೋಡೂಣ್ರಿ ಅನ್ನುವುದು, ಕಾಯುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಊರಿನ ತುಂಬ ಹಕ್ಕಿಗಳು ಕೊಳೆತ ತತ್ತಿಗಳ ಮೇಲೆ ಕೂತೇ ಇದ್ದವು.

"ನನ್ನ ಮಾತು ಹೋದ್ರ ಹೋಗಲಿ ಕಸ್ತೂರಿ" ಎಂದು ಬಾಯಾರು ಮೆಟ್ಟಿಲ ಮೇಲೆ ಹೇಳುತ್ತಿದ್ದುದು ಕೇಳಿಸಿತು. "ಅವು ಬಡಪಾಯಿ, ಸುಮ್ಮಸುಮ್ಮನ ಕೂತಾವ. ಎಬ್ಬಿಸವ್ರು ಯಾರೂ ಇಲ್ಲ." ಬ್ಯಾಟರಿ ಹಿಡಿದು ತಿರುಗುವುದನ್ನು ನಿಲ್ಲಿಸಿದರು. ಶಾಲೆ, ಮನೆ, ಇಷ್ಟೇ. ಬೇರೆ ಊರಿನ ಶಾಲೆಗೆ ವರ್ಗ ಕೇಳಿದ್ದಾರೆಂದು ಕಸ್ತೂರಿ ಕಣ್ಣು ತುಂಬಿಕೊಂಡು ಹೇಳಿದಳು. "ಹೋಗಲಿ" ಅಂದೆ. ಅಂದ ಮಾತು ನನಗೇ ರುಚಿಸಲಿಲ್ಲ.

ಅಷ್ಟರಲ್ಲಿ ನನ್ನ ಗಿರಣಿಗೇ ಬಂತು. ಕಾಳು ಸುರಿಯುವ ಡಬ್ಬಿಯೊಳಗೆ ಗೊರವಂಕ ಕೂತಿತು. ನೀಲಿ ತತ್ತಿಗಳು. ಊರಿಗೆಲ್ಲ ಒಂದೇ ಗಿರಣಿ, ಬೀಸುಕಲ್ಲು ಇಳಿಸಿದರೆ ಅದೂ ಬದಲಿಯೇ ಆಯಿತು. ಊರು ರೊಟ್ಟಿ ಬಿಟ್ಟು ಅನ್ನಕ್ಕೆ ಬಿತ್ತು. ಎರಡು ಹೊತ್ತು ಅನ್ನ ಉಂಡು ನಮ್ಮವರಿಗೆ ರಟ್ಟೆಯಲ್ಲಿ ಶಕ್ತಿ ಇಲ್ಲ, ಮಾತಿನಲ್ಲಿ ಖಾರ ಇಲ್ಲ. ಉಂಡೆವೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಮರಿಯಾಗುವ ಕಾಲ ಮೀರಿತು. ಹಕ್ಕಿ ಅಲ್ಲಾಡಲಿಲ್ಲ. ದಿನಾ ಬೆಳಗ್ಗೆ ಜನ ಜೋಳದ ಡಬ್ಬಿ ಹೊತ್ತು ಬಂದು, ಇಣುಕಿ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಒಂದು ಬೆಳಗ್ಗೆ ಅವರೆಲ್ಲ ಅಲ್ಲಿದ್ದಾಗಲೇ ನಾನು ಮೆಟ್ಟಿಲು ಹತ್ತಿದೆ.

"ಬರ್ರಿ. ತತ್ತಿ ನೋಡ್ರಿ."

"ನೋಡಿ ಏನು ಉಪಯೋಗ? ಯಾರು ನಂಬ್ತಾರ?"

"ಮೊದಲ ನೋಡ್ರಿ."

ಬಂದರು. ಬೂಟು ಹಾಕಿರಲಿಲ್ಲ. ಗೊರವಂಕ ಹಾರಿ ತಂತಿಯ ಮೇಲೆ ಕೂತು ಓಣಿ ಕಿತ್ತುಹೋಗುವಂತೆ ಅರಚಿತು. ಒಂದೊಂದೇ ತತ್ತಿಯನ್ನು ಕೋಣೆಗೆ ಒಯ್ದು ನೋಡಿ ತಂದಿಟ್ಟರು. "ಜೀವ ಇಲ್ಲ" ಅಂದರು. "ಒಂದರಾಗೂ ಇಲ್ಲ. ಇನ್ನೂ ಹಂಗಾಮು ಉಳದದ. ತೆಗದ್ರ ಮತ್ತೊಮ್ಮೆ ಇಡ್ತಾಳ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆಗಲ್ರಿ ಬಾಯಾರ" ಅಂದ ಹನಮಂತ, ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ. "ಊರು ಅನ್ನ ತಿಂದು ಸೊರಗೇತಿ ಅಂತ ನಿಮ್ಮ ಕರಳು ಚುರುಕ್ ಅಂದಿರಬೇಕು. ನಾಕ ದಿನ ನೋಡೂಣಲ್ಲ." ಎಲ್ಲರೂ ಹೌದ್ಹೌದು ಎಂದು ಡಬ್ಬಿ ಎತ್ತಿಕೊಳ್ಳತೊಡಗಿದರು. ಬಾಯಾರು ಕೋಪ ಮಾಡಲಿಲ್ಲ. ಮೈಯಲ್ಲಿ ಹುಷಾರಿಲ್ಲದವರ ಹಾಗೆ ತಲೆ ಆಡಿಸಿ ಮೆಟ್ಟಿಲ ಕಡೆ ತಿರುಗಿದರು.

ಅಲ್ಲಿ ನನ್ನ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

"ಏ ನಿಲ್ರೋ!" ಎಂದು ಕೂಗಿದೆ. "ನನ್ನ ಮಗಳ ಸಲುವಾಗಿ ಸುಳ್ಳು ಹೇಳಿದಾಕಿ ನಿಮ್ಮ ಜ್ವಾಳದ ಹಿಟ್ಟಿನ ಸಲುವಾಗಿ ಸುಳ್ಳು ಹೇಳ್ತಾಳೇನ್ರೋ?"

ಅದು ಸುಳ್ಳು ಎಂದು ಅವತ್ತಿನ ತನಕ ಊರ ಮಂದಿಯ ಎದುರಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕಸ್ತೂರಿಯನ್ನು ಮಗಳು ಎಂದು ನಾನೂ ಹೇಳಿರಲಿಲ್ಲ. ಅವಳು ಮೋಟಾರಿನ ಹತ್ತಿರ ನಿಂತವಳು ನನ್ನನ್ನೇ ನೋಡುತ್ತಿದ್ದಳು. ನಾನು ಸೆರಗು ಸಿಕ್ಕಿಸಿ ಏಣಿ ಹತ್ತಿ ಗಿರಣಿಯ ಡಬ್ಬಿಯೊಳಗೆ ಕೈ ಹಾಕಿದೆ. ಹೆಂಗಸರು ಯವ್ವಾ ಎಂದು ಬಾಯಿಗೆ ಕೈ ಒತ್ತಿಕೊಂಡರು. ಒಂದು ತತ್ತಿ ನನ್ನ ಅಂಗೈಗೆ ಬಂತು. ಬೆಚ್ಚಗಿತ್ತು. ಜೀವ ಇದ್ದ ಹಾಗೇ ಬೆಚ್ಚಗಿತ್ತು. ಒಳಗೇನಾದರೂ ಇದ್ದರೆ ನಾನು ಈ ಊರಿನಲ್ಲಿ ಮುಖ ಎತ್ತಿ ತಿರುಗುವಂತಿರಲಿಲ್ಲ. ಬಾಯಾರ ಕಡೆ ನೋಡಿದೆ. ಇನ್ನೊಮ್ಮೆ ಹೇಳಲಿ ಎಂದು ಕಾದೆ. ಅವರು ಹೇಳಲಿಲ್ಲ. ಒಮ್ಮೆ ಹೇಳಿ ಆಗಿತ್ತು.

ತತ್ತಿಯನ್ನು ಏಣಿಯ ಮೆಟ್ಟಿಲಿಗೆ ಕುಟ್ಟಿದೆ.

ಶಿವಶಿವಾ, ಏನು ಗಬ್ಬು! ಹಸಿರು ನೀರು ಮೊಣಕೈ ತನಕ ಇಳಿಯಿತು. ಮುಂದೆ ನಿಂತವರು ಹಿಂದಿನವರ ಮೇಲೆ ಬಿದ್ದರು, ಜೋಳದ ಡಬ್ಬಿಗಳು ಉರುಳಿದವು, ಹನಮಂತ ಗಟಾರದ ಕಡೆ ಓಡಿದ. ಓಣಿಯೇ ಮೂಗು ಮುಚ್ಚಿಕೊಂಡು ನಿಂತಿತ್ತು, ಆದರೆ ಯಾರೂ ಹೋಗಲಿಲ್ಲ. ನಾನು ಒಂದೊಂದಾಗಿ ಎಲ್ಲವನ್ನೂ ಒಡೆದು ತೋರಿಸಿದೆ. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ, ಆ ವಾಸನೆಯಲ್ಲಿ ಕಣ್ಣಂತೂ ಸುರಿಯುತ್ತಿತ್ತು. ಕಸ್ತೂರಿ ಬಕೆಟ್ಟಿನಲ್ಲಿ ನೀರು ತಂದು ಡಬ್ಬಿ ತಿಕ್ಕಲು ನಿಂತಳು.

ಹನಮಂತ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಮೆಟ್ಟಿಲ ಹತ್ತಿರ ಬಂದ. ಬಾಯಾರು ಅಲ್ಲೇ ನಿಂತಿದ್ದರು.

"ಬಾಯಾರ, ನಮ್ಮ ಅಂಗಡ್ಯಾಗಿನ ಗುಬ್ಬಿ..." ಅಂದ.

"ಅವತ್ತೇ ಹೇಳಿದ್ನಲ್ಲ ಹನಮಂತ."

"ಇನ್ನೊಮ್ಮೆ ಹೇಳ್ರಿ."

"ಜೀವ ಇಲ್ಲ" ಅಂದರು ಬಾಯಾರು.

ಹನಮಂತ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮತ್ತೇನೂ ಕೇಳದೆ, ಅಂಗಡಿ ತೆಗೆಯಲು ಹೋದ.